ಕುಂಡದ ಹುಲ್ಲು

ತಾಂಡೂರು, ಶನಿವಾರ

ಮನೆಯವರಿಗೆ ಜಗದೇವಿಯ ಶರಣು.

ನೀವು ಅಂಡಮಾನಿನಿಂದ ಫೋನು ಮಾಡಿದರೆ ಸಿಗ್ನಲ್ ಹೋಗುವವರೆಗೂ ಹುಲ್ಲಿನ ಮಾತೇ ಆಗುತ್ತದೆ. ಅದಕ್ಕೇ ಈ ಕಾಗದ. ನೀವು ಗಿಡಗಳ ಸಂಶೋಧನೆ ಮಾಡುವ ಆ ಒಂದು ದ್ವೀಪ ಬಿಟ್ಟರೆ ಎಲ್ಲೂ ಬೆಳೆಯದ ಹುಲ್ಲು, ನಮ್ಮ ಸುಣ್ಣಕಲ್ಲಿನ ಮಣ್ಣಿಗೆ ಒಗ್ಗುತ್ತದೋ ನೋಡು ಎಂದು ಕುಂಡದಲ್ಲಿ ನೆಟ್ಟು ಹೋದಿರಿ. ಒಗ್ಗಿದೆ. ನಾನು ಈ ಮನೆಗೆ ಒಗ್ಗಿದೆನೋ ಎಂದು ನೀವು ಒಮ್ಮೆಯೂ ಕೇಳಲಿಲ್ಲ.

ಹೋದ ತಿಂಗಳು ಆ ಕುಂಡದಲ್ಲಿ ತಾನಾಗಿಯೇ ಒಂದು ತೊಗರಿ ಸಸಿ ಎದ್ದಿತ್ತು. ಅತ್ತೆಯವರು ಸಸಿ ಉಳಿಸಿ, ಹುಲ್ಲು ಕಿತ್ತು ಎಮ್ಮೆಯ ಮುಂದೆ ಹಾಕಿದರು. "ತೊಗರ್ಯಾಗ ಇಷ್ಟ್ ಕಸ ಬೆಳದದ, ನೀ ಏನ್ ನೋಡ್ಕೋತ ಕುಂತಿದ್ದಿ?" ಎಂದು ನನಗೇ ಬೈದರು. ಒಂದು ಗಳಿಗೆ ನಾನೂ ಸುಮ್ಮನೆ ಎಮ್ಮೆಯ ಬಾಯಿ ನೋಡುತ್ತ ನಿಂತೆ. ಆಮೇಲೆ ಓಡಿಹೋಗಿ ಕಸಿದುಕೊಂಡು ಮತ್ತೆ ನೆಟ್ಟೆ.

ಇವತ್ತು ಆ ಹುಲ್ಲು ಹೂ ಬಿಟ್ಟಿದೆ. ದ್ವೀಪದಲ್ಲಿ ಎಷ್ಟು ಕಾದರೂ ಕಾಣಲಿಲ್ಲ ಎನ್ನುತ್ತಿದ್ದಿರಲ್ಲ, ಅದೇ ಹೂವು. ಫೋಟೊ ಕಳಿಸುವುದಿಲ್ಲ. ನನ್ನ ಸಲುವಾಗಿ ಸಿಗದ ರಜೆ ಅದರ ಸಲುವಾಗಿ ಸಿಕ್ಕೀತು, ಬನ್ನಿ.

ಕುಂಡವನ್ನು ಹಿತ್ತಲಿಗೆ ಸಾಗಿಸಿದ್ದೇನೆ. ಅಲ್ಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು. ಅಡುಗೆಮನೆಯಲ್ಲಿ ನಾನಿರುತ್ತೇನೆ.

ನಿಮ್ಮ ಹುಲ್ಲಿಗೆ ನೀರು ಹಾಕುವವಳು,
ಜಗದೇವಿ