ದೇವರಿಗೆ ದಾರಿ ಹೇಳಿದ್ದು

ನವೆಂಬರ್ ೨೦, ಗುರುವಾರ

ರಾಜೇಶ್ವರಮ್ಮನವರ ಮಾತು ಇನ್ನೂ ಕಿವಿಯಲ್ಲಿದೆ. ನಗುವೂ ಬರುತ್ತಿದೆ, ನಾಚಿಕೆಯೂ.

ನಮ್ಮ ಚರ್ಚಿನ ಸಭೆಯ ಸುಗುಣಮ್ಮನವರಿಗೆ ಶನಿವಾರ ಶಿವಮೊಗ್ಗದಲ್ಲಿ ಆಪರೇಷನ್. ಪ್ರಾರ್ಥನೆ ಮಾಡಲೆಂದು ಸಂಜೆ ಉಳವಿಯಲ್ಲಿರುವ ಅವರ ಮನೆಗೆ ಹೋಗಿದ್ದೆ. ಎಂದಿನಂತೆ ದೇವರಿಗೆ ಒಂದನ್ನೂ ಬಿಡದೆ ಹೇಳಿದೆ: ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ಗಂಟೆಗೆ, ಕೊನೆಗೆ ಹೊಟ್ಟೆಯಲ್ಲಿ ಗಡ್ಡೆ ಇರುವುದು ಎಡಗಡೆ ಎಂಬುದನ್ನೂ.

ಆಮೆನ್ ಎನ್ನುತ್ತಿದ್ದಂತೆ ಪಕ್ಕದ ಮನೆಯ ರಾಜೇಶ್ವರಮ್ಮ ಕೇಳಿದರು: "ಅಲ್ರೀ ಪಾಸ್ಟರ್ರೇ, ನಿಮ್ ದೇವ್ರಿಗೆ ಇಷ್ಟೂ ನೀವೇ ಹೇಳ್ಕೊಡ್ಬೇಕಾ?"

ವಾರದಿಂದ ಮುಖ ಬಾಡಿಸಿಕೊಂಡಿದ್ದ ಸುಗುಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಅಷ್ಟುದ್ದ ಪ್ರಾರ್ಥನೆಗೆ ಆಗದ್ದು ಅದು.

ಇಪ್ಪತ್ತು ವರ್ಷ ಸೇವೆ ಮಾಡಿದ್ದೇನೆ. ನಾನು ನೆನಪಿಸದಿದ್ದರೆ ದೇವರು ಮರೆತುಬಿಡುತ್ತಾನೆ ಎಂದೇ ನಡೆದುಕೊಂಡೆನೇನೋ.

ಈಗ ಮಂಡಿಯೂರಿ "ಸುಗುಣಮ್ಮ" ಎಂದಷ್ಟೇ ಹೇಳಿದೆ. ಮನಸ್ಸು ಹಗುರಾಯಿತು. ಎಡಗಡೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.