ಒಂದೂವರೆ ಮೀಟರ್ ಕೆಳಗಿನ ಮಣ್ಣು

ತೂಕದಣ್ಣನವರಿಗೆ,

ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದವೆಂದು ನಿಮಗೆ ಗೊತ್ತಾಗಿರುತ್ತದೆ. ಮಣ್ಣಿನ ಡಬ್ಬಿಗಳ ಮೇಲೆ ನಾನು ಬರೆಯುತ್ತಿದ್ದ ಏಳು, ಒಂದರ ಹಾಗೆ ಕಾಣುತ್ತದೆಂದು ನೀವು ಗೊಣಗಿದ್ದಕ್ಕೆ ಲೆಕ್ಕವುಂಟೇ! ಹರಿದು ಹಾಕಬೇಕೆನಿಸಿದರೆ ಹರಿದುಬಿಡಿ. ಆದರೆ ಒಮ್ಮೆ ಕೊನೆಯವರೆಗೆ ಓದಿ, ಆಮೇಲೆ ಹರಿಯಿರಿ. ಧೈರ್ಯ ಮಾಡಿ ಮೊನ್ನೆ ನಿಮ್ಮ ಮನೆಗೇ ಬಂದಿದ್ದೆ. ನೀವು ಮಗಳ ಮನೆಯಲ್ಲಿದ್ದೀರೆಂದು ತಿಳಿಯಿತು. ಬಾಗಿಲು ತೆಗೆದದ್ದು ಅತ್ತಿಗೆ; ಈ ವಿಳಾಸ ಕೊಟ್ಟದ್ದೂ ಅವರೇ. ಅವರು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ; ಮೊದಲು ನಾನು ಮಾಡಿದ್ದನ್ನು ಬರೆಯಬೇಕು.

ನಾನು ಸಂಶೋಧನಾ ಕೇಂದ್ರಕ್ಕೆ ಬಂದಾಗ ನೀವು ಅಲ್ಲಿ ಮಣ್ಣು ತೂಗಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಮಳೆಯನ್ನೇ ನಂಬಿದ ಜೋಳಕ್ಕೆ ಎಷ್ಟು ನೀರು ಖರ್ಚಾಗುತ್ತದೆ, ಆ ನೀರಿನ ಒಂದೊಂದು ಮಿಲಿಮೀಟರಿಗೂ ಅದು ಎಷ್ಟು ಕಾಳು ಕೊಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಬಿದ್ದ ಮಳೆಗೆ ಬಿತ್ತುವಾಗ ಮಣ್ಣಿನಲ್ಲಿದ್ದ ತೇವ ಸೇರಿಸು, ಹರಿದುಹೋದದ್ದನ್ನೂ ಕೊಯ್ಲಿನ ಹೊತ್ತಿಗೆ ಉಳಿದದ್ದನ್ನೂ ಕಳೆ. ಪುಸ್ತಕದಲ್ಲಿ ಇಷ್ಟೇ. ಹೊಲದಲ್ಲಿ ಮಾತ್ರ ಮೊದಲ ದಿನವೇ ಕೊರೆಯುವ ಸಲಾಕೆ ಮಣ್ಣಿನಲ್ಲಿ ಸಿಕ್ಕಿಕೊಂಡು ನಾನು ಅದಕ್ಕೆ ಜೋತುಬಿದ್ದೆ. ನೀವು ಬದುವಿನ ಮೇಲೆ ಕೂತು, "ಡಿಗ್ರಿ ತೋರಿಸಿದ್ರೆ ಮಣ್ಣು ಬಿಡಲ್ಲ ತಂಗಿ, ಸೊಂಟ ಬಗ್ಗಿಸಿ" ಎಂದಿರಿ. ಆಮೇಲೆ ನೀವೇ ಎದ್ದು ಬಂದು, ಎಡಕ್ಕೆ ತಿರುಗಿಸಿ ಮೇಲಕ್ಕೆ ಎಳೆಯುವುದನ್ನು ಕಲಿಸಿಕೊಟ್ಟಿರಿ.

ತೂಕದ ಕೋಣೆಯಲ್ಲಿ ನೀವು ಯಾವ ಬೇಸಿಗೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಗಾಳಿಗೆ ತಕ್ಕಡಿ ಅಲುಗಾಡುತ್ತದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ನೀವು "ಅದಕ್ಕೆ ಶೀತ ಆಗುತ್ತೆ" ಎನ್ನುತ್ತಿದ್ದಿರಿ. ಹಸಿ ಮಣ್ಣು ತೂಗಿ, ಒಲೆಯಲ್ಲಿ ಒಂದು ಇಡೀ ದಿನ ಒಣಗಿಸಿ, ಮತ್ತೆ ತೂಗಿ, ನೋಟ್‌ಬುಕ್ಕಿನಲ್ಲಿ ಮುತ್ತು ಪೋಣಿಸಿದ ಹಾಗೆ ಅಂಕಿ ಬರೆಯುತ್ತಿದ್ದಿರಿ. ಒಂದು ಅಂಕಿ ತಪ್ಪಿದರೂ ಅಳಿಸಿ ತಿದ್ದುತ್ತಿರಲಿಲ್ಲ. ಗೀಟು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಿದ್ದಿರಿ. ತಪ್ಪನ್ನು ಒಪ್ಪಿಕೊಳ್ಳುವ ಬಗೆ ಅಲ್ಲೇ ನನ್ನ ಕಣ್ಣೆದುರಿಗಿತ್ತು. ನಾನು ಕಲಿಯಲಿಲ್ಲ.

ಆ ವರ್ಷ ಹೊಸ ಗಿಡ್ಡ ತಳಿಯ ಮೂರನೇ ಬೆಳೆ. ಕಡಿಮೆ ನೀರು ಕುಡಿದು ಹೆಚ್ಚು ಕಾಳು ಕೊಡುವ ಜೋಳವೆಂದು ದೊಡ್ಡ ಸಾಹೇಬರು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು. ನಾನು ತೊಂಬತ್ತು ಸೆಂಟಿಮೀಟರ್ ಆಳದವರೆಗೆ ಮಾತ್ರ ಅಳೆಯುತ್ತಿದ್ದೆ. ಕೊಯ್ಲಿನ ದಿನ ನೀವು ಬುಡದಲ್ಲಿ ಕೂತು ಬೇರು ಕೆದಕಿ ನೋಡಿದಿರಿ. "ಗಿಡ್ಡಿ ಅಂತ ನಂಬಬೇಡಿ ತಂಗಿ. ಇವಳಿಗೆ ಕೆಳಗಡೆ ಎರಡಾಳುದ್ದ ಕಾಲಿದೆ. ಇನ್ನೂ ಕೆಳಗೆ ಕೊರೆದು ನೋಡೋಣ." ನನಗೆ ಇಷ್ಟವಿರಲಿಲ್ಲ. ಆದರೂ ಇಬ್ಬರೂ ಸೇರಿ ಒಂದೂವರೆ ಮೀಟರಿನವರೆಗೆ ಕೊರೆದೆವು. ಮೂವತ್ತಾರು ಡಬ್ಬಿ. ಒಂದೊಂದು ಮುಚ್ಚಳವನ್ನೂ ನೀವು ಅಂಗೈಯಿಂದ ಗುದ್ದಿ ಕೂರಿಸಿದಿರಿ, ಅದರ ಸುತ್ತ ಟೇಪು ಸುತ್ತಿದವಳು ನಾನು.

ಎರಡು ದಿನದ ಮೇಲೆ ಫಲಿತಾಂಶ ಬಂತು. ಹೋಲಿಕೆಗೆಂದು ಪಕ್ಕದಲ್ಲೇ ಹಾಕಿದ್ದ ಹಳೆಯ ತಳಿಯ ಕೆಳಗಿನ ಮಣ್ಣಿನಲ್ಲಿ ತೇವ ಇದ್ದ ಹಾಗೇ ಇತ್ತು. ಗಿಡ್ಡ ತಳಿಯ ಕೆಳಗೆ ಮಣ್ಣು ಬೂದಿಯ ಹಾಗೆ ಒಣಗಿತ್ತು. ನಮ್ಮ ಜೋಳ ಕಡಿಮೆ ನೀರು ಕುಡಿದಿರಲಿಲ್ಲ. ನಾವು ನೋಡದ ಕಡೆ ಕುಡಿದಿತ್ತು. ಆ ನೀರನ್ನೂ ಸೇರಿಸಿದರೆ ಮೂರು ವರ್ಷದ ನನ್ನ ಲೆಕ್ಕ ತಲೆಕೆಳಗಾಗುತ್ತಿತ್ತು. ನಾನು ಆ ಆಳದ ಅಂಕಿಗಳನ್ನು ಬಿಟ್ಟು ವರದಿ ಬರೆದೆ.

ಪರಿಶೀಲನಾ ಸಭೆಯಲ್ಲಿ ಸಾಹೇಬರು ನಿಮ್ಮ ನೋಟ್‌ಬುಕ್ ತರಿಸಿ ಪುಟ ತಿರುವುತ್ತಾರೆಂದು ನಾನು ಎಣಿಸಿರಲಿಲ್ಲ. "ಇದೇನಿದು, ಕೆಳಗಿನ ಮಣ್ಣು ಇಷ್ಟೊಂದು ಒಣಗಿದೆ?" ಎಂದರು. ನೀವು ಬಾಗಿಲ ಬಳಿ ನಿಂತಿದ್ದಿರಿ. ನಾನು ಹೇಳಿದೆ: "ಅದು ತೂಕದಲ್ಲಿ ಆದ ತಪ್ಪು ಸಾರ್. ಡಬ್ಬಿ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ದಾರೀಲೇ ಮಣ್ಣು ಒಣಗಿಹೋಗಿದೆ."

ಯಾರೂ ನನ್ನ ಕುತ್ತಿಗೆ ಹಿಡಿದು ಇದನ್ನು ಹೇಳಿಸಲಿಲ್ಲ. ಕೆಲಸ ಕಾಯಂ ಆಗುವ ಹೊತ್ತು ಅದು, ಹೊಗಳಿಕೆಯ ರುಚಿ ಹತ್ತಿತ್ತು, ಬಾಯಿ ತಾನೇ ಆಡಿತು ಎಂದೆಲ್ಲ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿ ತಾನೇ ಆಡುವುದಿಲ್ಲ. ಆಡಿದವಳು ನಾನು.

ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ನನ್ನನ್ನು ನೋಡಿದಿರಿ. ಒಂದು ಮಾತು ಆಡಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ನೀವು ಅಂದದ್ದು, "ಇರಬಹುದು ಸಾರ್. ವಯಸ್ಸಾಯ್ತು ನೋಡಿ."

ಮರುವಾರವೇ ನಿಮ್ಮನ್ನು ಬೀಜದ ಗೋದಾಮಿಗೆ ಹಾಕಿದರು. ಇಪ್ಪತ್ತೈದು ವರ್ಷ ಮಿಲಿಗ್ರಾಮಿನಲ್ಲಿ ಬದುಕಿದ ನೀವು ಮೂಟೆ ಎಣಿಸತೊಡಗಿದಿರಿ. ಅಂಗಳದಲ್ಲಿ ಎದುರಾದಾಗ ನೀವು ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ನಮಸ್ಕಾರ ಮೇಡಂ" ಎಂದಿರಿ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎರಡು ವರ್ಷಕ್ಕೆ ನೀವು ನಿವೃತ್ತರಾದಾಗ ಬೀಳ್ಕೊಡುಗೆಗೆ ಬಾರದೆ, ತಲೆನೋವೆಂದು ಹೇಳಿ ಕೋಣೆಯಲ್ಲಿ ಅಡಗಿ ಕೂತಿದ್ದೆ.

ಗಿಡ್ಡ ತಳಿ ಹೊಲಗಳಿಗೆ ಹೋಯಿತು. ನನಗೆ ಬಡ್ತಿ ಬಂತು, ಹಾರ ಬಿತ್ತು. ಹೋದ ವರ್ಷ ಒಬ್ಬ ರೈತ ಹೆಂಗಸು ಬೇರುಸಹಿತ ಕಿತ್ತ ಕಡಲೆ ಗಿಡ ಹಿಡಿದು ಕಚೇರಿಗೆ ಬಂದಳು. "ನಿಮ್ಮ ಜೋಳ ಚೆನ್ನಾಗೇ ಬಂತು ಅಮ್ಮಾ. ಅದಾದ ಮೇಲೆ ಹಾಕಿದ ಕಡಲೆ ಗೇಣುದ್ದಕ್ಕೇ ನಿಂತುಹೋಯ್ತು. ಪಕ್ಕದ ಹೊಲದಲ್ಲಿ ಹಳೇ ಜೋಳ ಹಾಕಿದ್ರು, ಅವರ ಕಡಲೆ ಮೊಣಕಾಲು ಮುಟ್ಟಿದೆ. ನೆಲ ಅದೇ, ಮಳೆ ಅದೇ. ಕೆಳಗಿದ್ದ ನೀರನ್ನೆಲ್ಲ ಮೊದಲೇ ಇದು ಕುಡಿದುಬಿಟ್ಟಿದೆ. ಇದನ್ನ ಅಳೆಯೋರು ನಿಮ್ಮಲ್ಲಿ ಒಬ್ಬರೂ ಇರಲಿಲ್ವಾ?"

ಇದ್ದರು. ಅವರನ್ನು ಬೀಜದ ಗೋದಾಮಿಗೆ ಕಳಿಸಿದವಳು ನಾನೇ.

ಮರುದಿನ ಸಲಾಕೆ ಹೊತ್ತು ಅವಳ ಹೊಲಕ್ಕೂ ಪಕ್ಕದ ಹೊಲಕ್ಕೂ ನಾನೇ ಹೋದೆ. ಕೈಗೆ ಬೊಬ್ಬೆ ಬಂದರೂ ಒಂದೂವರೆ ಮೀಟರ್ ಕೊರೆದೆ. ಒಣಗಿಸಿ ತೂಗಿದಾಗ ಅವಳ ಹೊಲದ ತಳದಲ್ಲಿ ಇದ್ದದ್ದು ನೂರಕ್ಕೆ ಒಂಬತ್ತು ಪಾಲು ತೇವ, ಪಕ್ಕದ ಹೊಲದಲ್ಲಿ ಹದಿನೇಳು. ಕಪಾಟಿನಿಂದ ನಿಮ್ಮ ನೋಟ್‌ಬುಕ್ ತೆಗೆದೆ. ಅಲ್ಲೂ ಒಂಬತ್ತು, ಹದಿನೇಳು. ತೂಕದ ಕೋಣೆಯ ನೆಲದ ಮೇಲೆ ಕೂತು ಅತ್ತೆ. ಅಳುವುದಕ್ಕೂ ನನಗೆ ಹಕ್ಕಿರಲಿಲ್ಲವೆಂದು ಗೊತ್ತಿತ್ತು.

ಹೋದ ತಿಂಗಳು ಅಂಥದೇ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಸಾಹೇಬರು, "ಹಳೇ ಹುಣ್ಣು ಯಾಕೆ ಕೆರೀತೀರಿ? ಸಣ್ಣದೊಂದು ತಿದ್ದುಪಡಿ ಹಾಕಿ ಮುಗಿಸಿ, ಯಾರ ಹೆಸರೂ ಬೇಡ" ಎಂದರು. ಒಂದು ಗಳಿಗೆ ಮನಸ್ಸು ಅತ್ತ ವಾಲಿತು, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ, ನನ್ನ ಹೆಸರು ಬೇಕೇ ಬೇಕು ಎಂದೆ. ಆ ಅಂಕಿಗಳ ಮೇಲೆ ಪ್ರಕಟಿಸಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇನೆ, ಯೋಜನೆಯ ಮುಖ್ಯಸ್ಥೆಯ ಕುರ್ಚಿ ಹೋಗಿದೆ. ಹೋಗಬೇಕಾದದ್ದೇ ಹೋಯಿತು. ಗಿಡ್ಡ ತಳಿಯ ಬೆನ್ನಿಗೇ ಎರಡನೇ ಬೆಳೆ ಹಾಕಬೇಡಿ ಎಂದು ಹಳ್ಳಿಹಳ್ಳಿಗೆ ಹೋಗಿ ಹೇಳುತ್ತಿದ್ದೇನೆ; ಕೆಲವು ಕಡೆ ಬೈಗುಳ ಸಿಗುತ್ತದೆ, ತಿನ್ನುತ್ತೇನೆ. ನಿಮ್ಮ ತೂಕದಲ್ಲಿ ತಪ್ಪಿರಲಿಲ್ಲವೆಂದು ಕೇಂದ್ರ ಬರೆದುಕೊಟ್ಟ ಪತ್ರ ಇದರ ಜೊತೆಗಿದೆ.

ಇಷ್ಟಾದ ಮೇಲೆ ಮನಸ್ಸು ಹಗುರಾಗುತ್ತದೆ ಎಂದುಕೊಂಡು ನಿಮ್ಮ ಮನೆಗೆ ಬಂದೆ. ಅತ್ತಿಗೆಗೆ ನಿಂತಲ್ಲೇ ಎಲ್ಲ ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕೈ ತಪ್ಪಿತು ಅಂತ ಅವರು ನನ್ನ ಹತ್ರಾನೂ ಹೇಳಿದ್ದರಲ್ಲಮ್ಮಾ. ನಾನೂ ನಂಬಿಬಿಟ್ಟೆ." ಆಮೇಲೆ ಹೇಳಿದರು: "ಆವತ್ತಿಂದ ಬಾಗಿಲು ಹಾಕಿದ್ರೆ ಮೂರು ಸಲ ಎಳೆದು ನೋಡ್ತಾರೆ. ನಲ್ಲಿ ನಿಲ್ಲಿಸಿದ್ರೆ ನನ್ನ ಕರೆದು ತೋರಿಸ್ತಾರೆ. ಈಗ ಮಗಳಿಗೆ ಹೆಣ್ಣು ಮಗು ಆಗಿ ತಿಂಗಳಾಯ್ತು. ಒಂದು ದಿನಾನೂ ಎತ್ತಿಕೊಂಡಿಲ್ಲ. ನನ್ನ ಕೈ ನಂಬಬೇಡಿ ಅಂತಾರೆ."

ಅಣ್ಣಾ, ನನ್ನನ್ನು ಕಾಪಾಡಲು ಆಡಿದ ಮಾತನ್ನು ನೀವೇ ನಂಬಿಬಿಟ್ಟಿರಿ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕೆಲಸ ಕಿತ್ತುಕೊಂಡೆ ಎಂದಷ್ಟೇ ಇಷ್ಟು ವರ್ಷ ನಾಚಿದ್ದೆ. ನಿಮ್ಮ ಕೈಯನ್ನೇ ನಿಮ್ಮಿಂದ ಕಿತ್ತುಕೊಂಡಿದ್ದೇನೆ. ಅದಕ್ಕೇ ಈ ಕಾಗದ. ಆ ಮೂವತ್ತಾರೂ ಮುಚ್ಚಳ ಬಿಗಿಯಾಗಿದ್ದವು. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಣ್ಣಾರೆ ನೋಡಿದ್ದೆ.

ಕ್ಷಮಿಸಿ ಎಂದು ಕೇಳುವುದಿಲ್ಲ, ಉತ್ತರಕ್ಕೂ ಕಾಯುವುದಿಲ್ಲ. ಒಂದೇ ಒಂದು ಬೇಡಿಕೆ. ಕಾಗದ ಕೆಳಗಿಟ್ಟು ಒಳಗೆ ಹೋಗಿ, ಮೊಮ್ಮಗಳನ್ನು ಎತ್ತಿಕೊಳ್ಳಿ. ಆ ಕೂಸು ನೂರು ಕಾಲ ಬಾಳಲಿ, ನಿಮ್ಮ ಕೈಯಲ್ಲೇ ಬೆಳೆಯಲಿ.

ಮುಖ ತೋರಿಸಲು ಇನ್ನೂ ನಾಚುತ್ತಿರುವ,
ಟೇಪು ಸುತ್ತಿದವಳು