ಪಡುಹೊಳೆಯ ಮುಚ್ಚೋಲೆ

ಶ್ರೀ ವೀರನಿರ್ವಾಣ ಸಂವತ್ ೨೭೩೧, ಜ್ಯೇಷ್ಠ ಶುದ್ಧ ಪಂಚಮಿ
ಪಡುಹೊಳೆ ಬಸದಿ

ಉದ್ಯಮಗಳನ್ನು ನಡೆಸುವ ಮಾನ್ಯರೇ,

ಮೇಲಿನ ಸಂವತ್ತು ನಿಮ್ಮ ಯಾವ ಪಂಚಾಂಗದಲ್ಲಿಯೂ ಸಿಗದು. ಅದು ನಿಮ್ಮಲ್ಲಿಗೆ ಬರಲು ಇನ್ನೂ ನೂರೆಂಬತ್ತು ವರುಷಗಳಾಗಬೇಕು. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವೆನಿಸಿದರೆ ಕ್ಷಮಿಸಬೇಕು. ನಾನು ಜಿನಪೂಜೆ ಮಾಡುತ್ತ, ಬಸದಿಯ ಗ್ರಂಥಭಂಡಾರವನ್ನು ಕಾಯುತ್ತ ಮುದುಕನಾದ ಇಂದ್ರ, ಎಂದರೆ ಬಸದಿಯ ಪುರೋಹಿತ. ಯಂತ್ರಗಳನ್ನು ನಡೆಸುವ ಅಗೋಚರ ಬರಹವನ್ನು ನೀವು ಸಾಫ್ಟ್‌ವೇರ್ ಎನ್ನುವಿರಿ; ನಾವು ನಡೆಯೋಲೆ ಎನ್ನುತ್ತೇವೆ. ಮಾಡಿದವರ ಹೊರತು ಅನ್ಯರು ಓದಲಾಗದಂತೆ, ತಿದ್ದಲಾಗದಂತೆ ಮೊಹರು ಬಿದ್ದದ್ದು ಮುಚ್ಚೋಲೆ. ಯಾರು ಬೇಕಾದರೂ ಓದಿ, ನಕಲು ಮಾಡಿ, ತಿದ್ದಿ ಮರಳಿ ಹಂಚಬಹುದಾದದ್ದು ತೆರೆಯೋಲೆ. ನಿಮ್ಮಲ್ಲಿ ಅದಕ್ಕೆ ಓಪನ್ ಸೋರ್ಸ್ ಎಂದು ಹೆಸರು. ಇವೆರಡರಲ್ಲಿ ಒಂದನ್ನು ಆರಿಸುವಾಗ ನಮ್ಮೂರು ಎಡವಿತು. ಈಗ ಊರಿನಲ್ಲಿ ಕುಡಿಯುವ ನೀರಿಲ್ಲ.

ನಮ್ಮ ಕಾಲದಲ್ಲಿ ಕಡಲು ಹೊಳೆಯೊಳಗೆ ಬಹುದೂರ ಏರಿ ಬಂದಿದೆ. ಬಾವಿಗಳೆಲ್ಲ ಉಪ್ಪು. ಕಡಲ ನೀರಿನ ಉಪ್ಪನ್ನು ಸೂಕ್ಷ್ಮವಾದ ಪೊರೆಗಳಲ್ಲಿ ಸೋಸಿ ತೆಗೆಯುವ ಸ್ಥಾವರಕ್ಕೆ ನಾವು ಸಿಹಿನೀರಮನೆ ಎನ್ನುತ್ತೇವೆ. ಊರಿನ ಉಸಿರು ಇರುವುದೇ ಅಲ್ಲಿ. ಸ್ನಾನ ಉಪ್ಪುನೀರಿನಲ್ಲಿ, ಒಗೆದ ಬಟ್ಟೆ ಒಣಗಿದರೆ ಸೆಟೆದು ತಾನೇ ನಿಲ್ಲುತ್ತದೆ. ಮನೆಗೆ ಬಂದವರ ಮುಂದೆ ಬೆಲ್ಲ ನೀರು ಇಡುವ ಪದ್ಧತಿ ನಿಮಗೆ ನೆನಪಿರಬಹುದು. ನಮ್ಮಲ್ಲಿ ನೆಂಟರು ತಮ್ಮ ನೀರನ್ನು ತಾವೇ ತರುತ್ತಾರೆ, ಮನೆಯವರು ಬೆಲ್ಲ ಮಾತ್ರ ಕೊಡುತ್ತಾರೆ. ಆದರೂ ನಮ್ಮ ಹೆಂಗಸರು ಆ ನೀರನ್ನೂ ಬಟ್ಟೆಯಲ್ಲಿ ಗಾಳಿಸದೆ ಕುಡಿಸುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ವ್ರತ ಕಡಲೇರಿದರೂ ಸಡಿಲವಾಗಿಲ್ಲ.

ಹಳೆಯ ನಡೆಯೋಲೆ ಸವೆದು ಹೊಸತು ತರಬೇಕಾದಾಗ, ಸಿಹಿನೀರಮನೆಯ ವ್ಯವಸ್ಥಾಪಕರಾದ ನಾಭಿರಾಜ ಹೆಗ್ಡೆಯವರು ಬಸದಿಯ ಮುಂದಿನ ಚಾವಡಿಯಲ್ಲಿ ಸಭೆ ಕರೆದರು. ಸಜ್ಜನರು, ದುಡಿದು ಸವೆದವರು, ಅವರಲ್ಲಿ ಲೋಭವಿರಲಿಲ್ಲ. ಯಂತ್ರ ನೋಡಿಕೊಳ್ಳುವ ಇಂಜಿನಿಯರ್ ಬೆನೆಡಿಕ್ಟಾ ಬಾಯಿ, ನೆರೆಯ ತೆಂಕಗರೆಯಲ್ಲಿಯೂ ಕರಾವಳಿಯ ಇತರ ಊರುಗಳಲ್ಲಿಯೂ ನಡೆಯುತ್ತಿದ್ದ ತೆರೆಯೋಲೆಯನ್ನೇ ತರೋಣವೆಂದಳು.

"ಅಲ್ಲ ಬಾಯಮ್ಮ, ಊರಿಗೆ ಊರೇ ಸೇರಿ ಬೇಯಿಸಿದ ಗಂಜಿ ಅದು. ನಾಳೆ ಕೆಟ್ಟರೆ ನಾನು ಯಾರ ಕಾಲರ್ ಹಿಡಿಯುದು?" ಎಂದರು ಹೆಗ್ಡೆ. "ಈ ಮುಚ್ಚೋಲೆಯವರದ್ದಾದರೆ ಕಂಪನಿ ಉಂಟು, ಆಫೀಸ್ ಉಂಟು, ಫೋನ್ ಎತ್ತಲಿಕ್ಕೆ ಜನ ಉಂಟು."

"ಕಾಲರ್ ಉಂಟು ಹೆಗ್ಡೆರೇ, ಒಳಗೆ ಕುತ್ತಿಗೆ ಉಂಟಾ ಅಂತ ನೋಡಿಕೊಳ್ಳಿ. ಹೋಗಲಿ, ಕಂಪನಿ ಮುಚ್ಚಿದರೆ ಓಲೆ ಬಿಚ್ಚಿ ನಮ್ಮ ಕೈಗೆ ಕೊಡಬೇಕು ಅಂತಾದರೂ ಕರಾರಿನಲ್ಲಿ ಬರೆಸಿ."

"ಎಂತ ಮಾರಾಯ್ತಿ ನೀನು! ಮದುವೆ ನಿಶ್ಚಯದ ದಿನ ಬೊಜ್ಜದ ಊಟಕ್ಕೆ ಅಡುಗೆಯವರನ್ನು ಹೇಳ್ತಾರಾ?"

ಉತ್ತರಕ್ರಿಯೆಯ ಊಟದ ಈ ಮಾತಿಗೆ ಚಾವಡಿ ನಕ್ಕಿತು. ನಾನು ಎದ್ದು ನಮ್ಮ ಭಂಡಾರದ ಕಥೆಯನ್ನು ಹೇಳಿದೆ. ಹಿಂದೆ ನಮ್ಮ ಹೆಣ್ಣುಮಕ್ಕಳು ನೋಂಪಿ ವ್ರತದ ಉದ್ಯಾಪನೆಯಂದು ಗ್ರಂಥವೊಂದನ್ನು ಪ್ರತಿ ಮಾಡಿಸಿ ಬೇರೆ ಬೇರೆ ಬಸದಿಗಳಿಗೆ ಶಾಸ್ತ್ರದಾನ ಕೊಡುತ್ತಿದ್ದರು. ಹಾಗೆ ಹಂಚಿಹೋದ ಗ್ರಂಥಗಳು ಇಲ್ಲಿ ಕೆಟ್ಟರೂ ಇನ್ನೆಲ್ಲಿಯೋ ಬದುಕಿದವು. ಪ್ರತಿಕಾರನ ತಪ್ಪನ್ನು ಮುಂದಿನ ಓದುಗ ತಿದ್ದಿದ. ಅಮೂಲ್ಯವೆಂದು ಮೂರು ಮನೆತನಗಳ ಬೀಗ ಹಾಕಿಸಿ ಒಂದೇ ಪ್ರತಿಯಾಗಿ ಕಾಪಾಡಿದವುಗಳಲ್ಲಿ ಉಳಿದದ್ದು ಗೆದ್ದಲಿನ ಮಣ್ಣು.

ಹೆಗ್ಡೆ ಕೈಮುಗಿದೇ ಕೇಳಿದರು: "ಇಂದ್ರರೇ, ಆ ಬೀಗ ಹಾಕಿದವರೂ ನಿಮ್ಮ ಅಜ್ಜಂದಿರೇ ಅಲ್ಲವಾ? ಬೆಲೆ ಇಲ್ಲದ್ದಕ್ಕೆ ಯಾರು ಬೀಗ ಹಾಕ್ತಾರೆ?" ಸಭೆ ತಲೆದೂಗಿತು. ಬೀಗವನ್ನು ನೋಡಿ ಒಳಗಿನದಕ್ಕೆ ಕೈಮುಗಿಯುವುದು ನಮ್ಮ ಜನರ ರಕ್ತದಲ್ಲಿತ್ತು. ಮುಚ್ಚೋಲೆ ಬಂದಿತು, ಅದರ ಪೆಟ್ಟಿಗೆಗೆ ಅಕ್ಷತೆಯನ್ನೂ ಹಾಕಿದರು.

ಕೆಲಕಾಲ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಕಡಲಿನಲ್ಲಿ ಕೆಂಪು ಪಾಚಿ ಎದ್ದು ಪೊರೆಗಳಿಗೆ ಅಂಟತೊಡಗಿತು. ಪೊರೆ ತೊಳೆಯುವ ಕ್ರಮವನ್ನು ನಡೆಯೋಲೆಯಲ್ಲಿ ಬದಲಿಸಬೇಕಿತ್ತು, ಅಷ್ಟೇ. ತೆಂಕಗರೆಯನ್ನೂ ಅದೇ ಪಾಚಿ ಮುತ್ತಿತ್ತು. ಎಲ್ಲಿಯೋ ದೂರದ ದ್ವೀಪದವರು ತೆರೆಯೋಲೆಗೆ ತಿದ್ದುಪಡಿ ಬರೆದು ಹಂಚಿದರು, ತೆಂಕಗರೆಯವರು ಅದನ್ನು ಪರೀಕ್ಷಿಸಿ ತಮ್ಮ ಯಂತ್ರಕ್ಕೆ ಹಾಕಿಕೊಂಡರು. ನಮ್ಮ ಮುಚ್ಚೋಲೆಯ ಕಂಪನಿ ಅಷ್ಟರಲ್ಲಿ ಇನ್ನೊಂದಕ್ಕೆ ಮಾರಾಟವಾಗಿ, ಅದು ಮತ್ತೊಂದರಲ್ಲಿ ಲೀನವಾಗಿತ್ತು. ಕೊನೆಯವರಿಂದ ಬಂದ ಉತ್ತರ: ಈ ಓಲೆಯ ಆಯುಸ್ಸು ಮುಗಿದಿದೆ, ಬರೆದವರು ಈಗ ನಮ್ಮಲ್ಲಿಲ್ಲ, ಬಿಚ್ಚಿಕೊಡಲು ಕಾನೂನು ಬಿಡದು. ಮೊಹರು ಬಿದ್ದ ಯಂತ್ರ ತೆಂಕಗರೆಯ ಓಲೆಯನ್ನೂ ಒಳಗೆ ಬಿಡಲಿಲ್ಲ. ಬೆನೆಡಿಕ್ಟಾ ಬಾಯಿ ಪೊರೆಗಳನ್ನು ಕೈಯಿಂದಲೇ ತೊಳೆಯಿಸಿ ನೋಡಿದಳು. ಒಳಗಿನ ಓಲೆ ಅದನ್ನು ಅನ್ಯರ ಪ್ರವೇಶವೆಂದು ಬಗೆದು ಯಂತ್ರವನ್ನೇ ನಿಲ್ಲಿಸಿತು. ಮತ್ತೆ ಚಾಲೂ ಆದಾಗ ಪಾಚಿಯ ವಿಷ ಸೇರಿ ನೀರು ಕಹಿಯಾಗಿತ್ತು. ಗಾಳಿಸಿದರೂ ಕುದಿಸಿದರೂ ಆ ವಿಷ ಹೋಗಲಿಲ್ಲ. ಎಳೆಮಕ್ಕಳು ಮೊದಲು ಹೋದರು. ಹೆಗ್ಡೆಯವರ ಮೊಮ್ಮಗಳು ಶ್ರೀಮತಿಗೆ ಇನ್ನೂ ಅನ್ನಪ್ರಾಶನವಾಗಿರಲಿಲ್ಲ.

ಮಗುವನ್ನು ಮಣ್ಣಿಗೆ ಒಪ್ಪಿಸಿ ಅವರು ಬಸದಿಗೆ ಬಂದರು. ಸೂತಕವೆಂದು ಒಳಗೆ ಬರಲಿಲ್ಲ, ಕಲ್ಲುಮೆಟ್ಟಿಲ ಬಳಿ ನಿಂತರು. "ಇಂದ್ರರೇ, ಈಗ ಯಾರನ್ನು ಹಿಡಿಯಲಿ ಹೇಳಿ," ಎಂದರು.

ಮಾನ್ಯರೇ, ತೆರೆಯೋಲೆ ಪುಕ್ಕಟೆಯ ಪ್ರಸಾದವಲ್ಲ. ಅದನ್ನು ಓದಬಲ್ಲವರನ್ನು ನೀವು ಸಾಕಬೇಕು, ಬೇರೆಯವರ ತಿದ್ದುಪಡಿಯನ್ನು ಕಣ್ಣುಮುಚ್ಚಿ ನುಂಗದೆ ಪರೀಕ್ಷಿಸಬೇಕು, ನಿಮ್ಮಲ್ಲಿ ಆದ ಸುಧಾರಣೆಯನ್ನು ಮರಳಿ ಕೊಡಬೇಕು. ಯಾರೂ ನೋಡದೆ ಬಿಟ್ಟ ತೆರೆಯೋಲೆಗೂ ಗೆದ್ದಲು ಹಿಡಿಯುತ್ತದೆ. ಜವಾಬ್ದಾರಿ ಹೊರುವವರು ಬೇಕೆಂದರೆ ತೆರೆಯೋಲೆಯನ್ನು ನೋಡಿಕೊಳ್ಳುವ ಸಂಸ್ಥೆಗಳೂ ಇವೆ. ಒಂದು ಮುಳುಗಿದರೆ ಇನ್ನೊಂದನ್ನು ಕರೆಯಬಹುದು. ಎಲ್ಲವನ್ನೂ ಒಂದೇ ದಿನ ಬದಲಿಸಿರೆಂದು ನಾನು ಬೇಡುವುದಿಲ್ಲ. ಯಾವುದು ನಿಂತರೆ ನಿಮ್ಮನ್ನು ನಂಬಿದವರ ಬದುಕು ನಿಲ್ಲುವುದೋ, ಅದರಿಂದ ಆರಂಭಿಸಿ. ಕೊಳ್ಳುವ ಮಾತುಕತೆಯಲ್ಲಿ ತೆರೆಯೋಲೆಯನ್ನು ಎದುರಿಗೆ ಕೂರಿಸದೆ ಸಹಿ ಮಾಡಬೇಡಿ. ಮಾರಲು ಬಂದವರನ್ನು, ನೀವು ಇಲ್ಲದ ದಿನ ಇದನ್ನು ಓದುವವರು ಯಾರು ಎಂದು ಕೇಳಿ. ಉತ್ತರ ಬರುವವರೆಗೆ ಲೇಖನಿಯನ್ನು ಕೆಳಗಿಡಿ. ಸಭೆ ನಕ್ಕರೆ ನಗಲಿ.

ಊರು ಬಹುಪಾಲು ಖಾಲಿಯಾಗಿದೆ. ಅಭಿಷೇಕಕ್ಕೆ ಶುದ್ಧ ಜಲವಿಲ್ಲದ ಕಡೆ ಸ್ವಾಮಿಯನ್ನು ಇರಿಸಲಾಗದು. ಆದುದರಿಂದ ನಾಳೆ ಬಿಂಬವನ್ನು ತೆಂಕಗರೆಗೆ ಒಯ್ಯುತ್ತೇವೆ. ಹೊರಲು ಹೆಗಲು ಸಾಲದೆ ಅಲ್ಲಿಯವರೇ ಬರುತ್ತಿದ್ದಾರೆ. ಹೆಗ್ಡೆಯವರು ಬರುವುದಿಲ್ಲವಂತೆ; ಮಗುವನ್ನು ಮಲಗಿಸಿದ ನೆಲ ಇಲ್ಲಿದೆ ಎನ್ನುತ್ತಾರೆ. ಅವರಿಗಾಗಿ ತೆಂಕಗರೆಯವರು ತರುವ ಒಂದು ಕೊಡ ನೀರನ್ನು ಬಿಟ್ಟುಹೋಗುತ್ತೇವೆ. ಅದು ತೀರಿದ ಮೇಲೆ ಊರಿನಲ್ಲಿ ಬೇರೆ ನೀರಿಲ್ಲ.

ಇತಿ,
ಶ್ರುತಕೀರ್ತಿ ಇಂದ್ರ